ಬಿಲ್ ಕಟ್ಟಿದ ತಕ್ಷಣ ವಸ್ತು ನಮ್ಮದಾಗಲ್ಲ

ನಮಸ್ಕಾರ ಗೆಳೆಯರೇ. ಹೋದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಸಾರ್, ಚೆನ್ನಾಗಿ ಮಾತಾಡ್ತೀರ. ಆದ್ರೆ ಕೈಯಲ್ಲಿ ಆ ಹಳೇ ವಾಚ್ ನೋಡಿದ್ರೆ ನಿಮ್ಮ ಮಾತಿಗೆ ಬೆಲೆ ಕೊಡೋಕೆ ಮನಸ್ಸು ಬರಲ್ಲ. ಒಂದು ಸ್ಮಾರ್ಟ್ ವಾಚ್ ತಗೊಳ್ಳಿ." ಇದಕ್ಕೆ ಲೈಕ್ ಬೇರೆ! ಇವತ್ತು ಬೇರೆ ವಿಷಯ ಇತ್ತು, ಅದನ್ನು ಬದಿಗಿಟ್ಟಿದ್ದೇನೆ. ಇದಕ್ಕೆ ಉತ್ತರ ಕೊಡಲೇಬೇಕು.

ಇದು ಎಚ್‌ಎಂಟಿ ಜನತಾ. ನಮ್ಮಪ್ಪನದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ನಮ್ಮ ಬೆಂಗಳೂರಿನಲ್ಲೇ ಎಚ್‌ಎಂಟಿ ವಾಚ್ ತಯಾರಿ ಶುರುವಾಯಿತು. ಆಮೇಲೆ ತುಮಕೂರಿಗೂ ಕಾರ್ಖಾನೆ ಬಂತು. ಆಗೆಲ್ಲ ಮಗ ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ. ಅಳಿಯನಿಗೆ ಮದುವೆಯಲ್ಲಿ ಎಚ್‌ಎಂಟಿಯದೇ ಕಾಂಚನ್ ಮಾಡೆಲ್. ರಿಟೈರ್ ಆದವರಿಗೆ ಹಿಂಬದಿಯಲ್ಲಿ ಹೆಸರು ಕೆತ್ತಿಸಿದ ವಾಚ್. ಒಂದು ಸಲ ಕೈಗೆ ಬಂದರೆ ಮುಗೀತು, ಬದಲಾಯಿಸುವ ಮಾತೇ ಇಲ್ಲ.

ಜನತಾಗೆ ದಿನಾ ಕೀ ಕೊಡಬೇಕು. ಮರೆತರೆ ನಿಂತುಹೋಗುತ್ತದೆ. ಅಪ್ಪ ಒಂದು ದಿನವೂ ಮರೆಯುತ್ತಿರಲಿಲ್ಲ. ಬೆಲ್ಟ್ ಸವೆದರೆ ಹೊಸದು, ಗಾಜು ಗೀರಾದರೆ ಹೊಸದು, ವಾಚ್ ಮಾತ್ರ ಅದೇ. ಊರಿನಲ್ಲಿ ಅವರು "ಹೇಳಿದ ಟೈಮಿಗೆ ಬರೋ ಮೇಷ್ಟ್ರು". ಆ ಹೆಸರು ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ?

ಬಿಲ್ ಕಟ್ಟಿದ ದಿನ ವಸ್ತು ನಮ್ಮ ಮನೆಗೆ ಬರುತ್ತದೆ, ಅಷ್ಟೇ. ನಮ್ಮದಾಗಬೇಕಾದರೆ ಬಳಸಬೇಕು, ಕೆಟ್ಟರೆ ರಿಪೇರಿ ಮಾಡಿಸಬೇಕು, ಜೊತೆಗೆ ಬಾಳಬೇಕು.

"ಜನ ಬ್ರಾಂಡ್ ನೋಡಿಯೇ ಮರ್ಯಾದೆ ಕೊಡ್ತಾರೆ" ಅಂತೀರಾ? ಕೊಡಲಿ! ಆ ಮರ್ಯಾದೆ ವಾಚಿಗೆ, ನಿಮಗಲ್ಲ. ಇಎಂಐ ಮೇಲೆ ಫೋನ್ ತಗೋತೀರಿ. ಕಂತು ಮುಗಿಯುವ ಮೊದಲೇ ಹೊಸ ಮಾಡೆಲ್ ಬರುತ್ತದೆ. ಆಗ ನಿಮ್ಮ ಬೆಲೆಯೂ ಇಳಿಯಿತಾ? ಇದನ್ನು ಒಪ್ಪುತ್ತೀರಾ ನೀವು?

ಬರೀ ಹೊಸದರ ಹುಚ್ಚಲ್ಲ, ಹಳೆಯದರ ಹುಚ್ಚೂ ಇದೆ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆಮೇಲೆ ಹಳೇ ವಾಚಿಗೆ ಎಲ್ಲಿಲ್ಲದ ಬೇಡಿಕೆ. ಈಗ ಆನ್‌ಲೈನ್‌ನಲ್ಲಿ ನೋಡಿ, ಡಯಲ್‌ಗೆ ಹೊಸ ಬಣ್ಣ ಹೊಡೆದು, ಯಾವ್ಯಾವುದೋ ವಾಚಿನ ಭಾಗ ಕೂಡಿಸಿ ಮಾರುತ್ತಾರೆ. ಕಾರ್ಖಾನೆಯಿಂದ ಯಾವತ್ತೂ ಹೊರಬರದ ಬಣ್ಣಗಳವು! ಅದನ್ನು ಕಟ್ಟಿಕೊಂಡು ಫೋಟೋ ಹಾಕಿ "ತಾತನ ನೆನಪು" ಅಂತ ಬರೆಯುತ್ತಾರೆ. ಯಾರ ತಾತ ಸ್ವಾಮಿ? ನೆನಪನ್ನೂ ಕ್ಯಾಷ್ ಆನ್ ಡೆಲಿವರಿಯಲ್ಲಿ ತರಿಸೋಕಾಗುತ್ತಾ? ನನಗೆ ಜಾಸ್ತಿ ಸಿಟ್ಟು ಬರುವುದೇ ಇದಕ್ಕೆ.

"ಸ್ಮಾರ್ಟ್ ವಾಚ್ ಎದೆಬಡಿತ ತೋರಿಸುತ್ತೆ" ಅಂತ ಇನ್ನೊಬ್ಬರು. ತೋರಿಸಲಿ, ಬೇಕಾದವರು ಕಟ್ಟಿಕೊಳ್ಳಲಿ. ಆದರೆ ನೀವು ಯಾರು ಅಂತ ಅದು ತೋರಿಸಲ್ಲ. ತೋರಿಸಲ್ಲ ಅಂದ್ರೆ ತೋರಿಸಲ್ಲ!

ನಿಮ್ಮ ಮನೆ ಬೀರುವಿನಲ್ಲೂ ನಿಂತುಹೋದ ವಾಚ್ ಒಂದು ಇರುತ್ತದೆ, ಅಲ್ವಾ? ಸುಮ್ನೆ ಮಾರಬೇಡಿ, ರಿಪೇರಿ ಅಂಗಡಿಗೆ ಒಯ್ಯಿರಿ. ಯಾರದು, ಯಾರು ಕೊಟ್ಟಿದ್ದು ಅಂತ ನನಗೆ ಬರೆದು ಕಳಿಸಿ, ಮುಂದಿನ ವಾರ ಇಲ್ಲೇ ಓದುತ್ತೇನೆ. ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗಲೇ ಮಾಡಿ, ಬೆಲ್ ಒತ್ತಿ.