ಕುಟ್ಟಾಣಿಗೆ ಬಿದ್ದ ಕ್ಯಾಪ್ಸೂಲ್

ನಮಸ್ಕಾರ. ಹೋದ ತಿಂಗಳು ನಮ್ಮ ಔಷಧಿ ಅಂಗಡಿಗೆ ಚನ್ನಗಿರಿ ಕಡೆಯ ಅಜ್ಜಿ ಒಬ್ಬರು ಬಂದ್ರು. ಖಾಲಿ ಸ್ಟ್ರಿಪ್ ತೆಗೆದು ಕೌಂಟರ್ ಮೇಲೆ ಇಟ್ರು. "ಈ ಗುಳಿಗೆ ತಗಂಡ್ರೆ ಹೊಟ್ಟೆ ಉರಿತೈತಪ್ಪಾ, ಬ್ಯಾರೆ ಕೊಡು" ಅಂದ್ರು. ನೋಡಿದ್ರೆ ಕಬ್ಬಿಣಾಂಶದ ಕ್ಯಾಪ್ಸೂಲ್, ನಿಧಾನವಾಗಿ ಬಿಡುಗಡೆ ಆಗೋ ಜಾತಿದು. ಹೊಟ್ಟೆ ಉರಿ ಕಡಿಮೆ ಆಗ್ಲಿ ಅಂತಲೇ ಅದನ್ನ ಹಂಗೆ ಮಾಡಿರ್ತಾರೆ.

"ಹೆಂಗೆ ತಗಂತೀರಿ ಅಜ್ಜಿ?" ಅಂದೆ.

"ನುಂಗಾಕೆ ಆಗಲ್ಲ. ಬಿಚ್ಚಿ, ಒಳಗಿನ ಕಾಳು ಕುಟ್ಟಾಣಿಗೆ ಹಾಕಿ ಕುಟ್ಟಿ, ಮಜ್ಜಿಗೆಗೆ ಕಲಸ್ಕಂಡು ಕುಡಿತೀನಿ."

ಕುಟ್ಟಾಣಿ ಗೊತ್ತಲ್ಲ, ಹಲ್ಲು ಹೋದವರು ಎಲೆ ಅಡಿಕೆ ಕುಟ್ಟಿಕೊಳ್ಳೋದು. ನನಗೆ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ರಾಗಿಮುದ್ದೆಯ ತುತ್ತನ್ನ ಅಗಿಯದೆ ಹಂಗೇ ಇಳಿಸೋ ಜನ ನಾವು. ಒಂದು ಕ್ಯಾಪ್ಸೂಲ್ ಕಂಡ್ರೆ ಮಾತ್ರ ಗಂಟಲು ಕಟ್ಟುತ್ತೆ.

ಆ ಕಾಳಿನೊಳಗೆ ಏನಿರುತ್ತೆ ಹೇಳ್ತೀನಿ. ನಡುವೆ ಸಾಸಿವೆಗಿಂತ ಸಣ್ಣ ಸಕ್ಕರೆ ಹರಳು. ಅದರ ಮೇಲೆ ಔಷಧಿ. ಔಷಧಿ ಮೇಲೆ ತೆಳುವಾದ ಲೇಪ. ಕೆಲವು ಕಾಳಿಗೆ ಲೇಪ ತೆಳ್ಳಗೆ, ಕೆಲವಕ್ಕೆ ದಪ್ಪ. ತೆಳ್ಳಗಿನದು ಮೊದಲು ಬಿಟ್ಟುಕೊಡುತ್ತೆ, ದಪ್ಪಗಿನದು ಆಮೇಲೆ. ಇಂಥ ಕಾಳು ತುಂಬಿದ ಕ್ಯಾಪ್ಸೂಲನ್ನ ಅಮೆರಿಕದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ 1952ರಲ್ಲೇ ಮಾರುಕಟ್ಟೆಗೆ ತಂದಿತ್ತು. ಸ್ಪ್ಯಾನ್‌ಸೂಲ್ ಅಂತ ಅದರ ಹೆಸರು. ಈಗ ವಿಟಮಿನ್ ಡಬ್ಬಿ ಮೇಲೆ 'ಹೊಸ ತಂತ್ರಜ್ಞಾನ' ಅಂತ ಹೊಳೆಯೋ ಅಕ್ಷರದಲ್ಲಿ ಬರೀತಾರಲ್ಲ, ಅದಕ್ಕೆ ನಮ್ಮಪ್ಪನ ವಯಸ್ಸಾಯ್ತು.

ಇದಕ್ಕಿಂತಲೂ ಸಣ್ಣದು ಮೈಕ್ರೋಕ್ಯಾಪ್ಸೂಲ್, ಕಣ್ಣಿಗೆ ಪುಡಿ ಥರ ಕಾಣುತ್ತೆ. ಒಂದು ಎಣ್ಣೆ ಹನಿ, ಸುತ್ತ ಜೆಲಟಿನ್ ಗೋಡೆ. ಇದು ಹುಟ್ಟಿದ್ದು ಔಷಧಿಗಾಗಿ ಅಂದ್ಕೊಂಡ್ರಾ? ಬಿಲ್ ಪುಸ್ತಕಕ್ಕಾಗಿ! ಲಾರಿ ಆಫೀಸಲ್ಲಿ ಕಾರ್ಬನ್ ಇಡದೇನೇ ಕೆಳಗಿನ ಹಾಳೆಗೆ ಅಕ್ಷರ ಮೂಡುತ್ತಲ್ಲ, ಆ ಕಾಗದ. 1950ರ ದಶಕದಲ್ಲಿ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಬ್ಯಾರೆಟ್ ಗ್ರೀನ್ ಅನ್ನೋರು ಮಾಡಿದ್ದು. ಮೇಲಿನ ಹಾಳೆಯ ಬೆನ್ನಿಗೆ ಕೋಟಿಗಟ್ಟಲೆ ಸಣ್ಣ ಕೋಶ, ಪೆನ್ನು ಒತ್ತಿದಲ್ಲಿ ಒಡೆದು ಬಣ್ಣ ಬಿಡುತ್ತೆ. ಅಲ್ಲಿ ಒಡೆದ್ರೇ ಕೆಲಸ ಆಗೋದು. ನಮ್ಮ ಅಜ್ಜಿ ಕ್ಯಾಪ್ಸೂಲನ್ನೂ ಬಿಲ್ ಪುಸ್ತಕ ಮಾಡಿದ್ರು.

ರೈತರಿಗೆ ಇದನ್ನ ವಿವರಿಸೋದು ಸುಲಭ. ಭದ್ರಾ ನಾಲೆ ಕೆಳಗೆ ಭತ್ತ ಹಾಕೋರನ್ನ ಕೇಳಿ, ಬರೀ ಯೂರಿಯಾ ಚೆಲ್ಲಿದ್ರೆ ಎಷ್ಟು ಪೈರಿಗೆ, ಎಷ್ಟು ನೀರಿಗೆ ಅಂತ. 2015ರಿಂದ ದೇಶದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಬಂತು. ಅಲ್ಲಿ ಬೇವು ಗೋಡೆ ಕಟ್ಟಲ್ಲ, ಮಣ್ಣಿನ ಸೂಕ್ಷ್ಮಾಣುಗಳ ಕೈ ಕಟ್ಟುತ್ತೆ, ಅದು ಬೇರೆ ವಿಷಯ. ಉದ್ದೇಶ ಒಂದೇ: ಬೇಕಾದಷ್ಟು, ಬೇಕಾದಾಗ.

ಈಗ ನನ್ನ ತಕರಾರು. ಗದ್ದೆಯಲ್ಲಿ ಪೈರು ನಿಂತಲ್ಲೇ ನಿಂತಿರುತ್ತೆ. ಹೊಟ್ಟೆಯಲ್ಲಿ ಗುಳಿಗೆ ಸಾಗ್ತಾ ಇರುತ್ತೆ. ಕಬ್ಬಿಣವನ್ನ ಮೈ ಹೀರಿಕೊಳ್ಳೋದು ಮುಖ್ಯವಾಗಿ ಜಠರ ದಾಟಿದ ಕೂಡಲೇ ಬರೋ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬಿ12 ಹೀರಿಕೊಳ್ಳೋದು ಅದೇ ಸಣ್ಣ ಕರುಳಿನ ಕೊನೆಯಲ್ಲಿ. ಹಂಗಾದ್ರೆ ಕಬ್ಬಿಣದ ಲೇಪ ತುಂಬಾ ನಿಧಾನಕ್ಕೆ ಬಿಚ್ಚಿಕೊಂಡ್ರೆ ಏನಾಯ್ತು? ದಾವಣಗೆರೆಯಲ್ಲಿ ಬಸ್ ಹತ್ತಿ, ಹರಿಹರದಲ್ಲಿ ಇಳೀಬೇಕಾದವನು ನಿದ್ದೆ ಹೊಡೆದು ರಾಣೆಬೆನ್ನೂರಿನಲ್ಲಿ ಕಣ್ಣು ಬಿಟ್ಟಂಗಾಯ್ತು. ಕರುಳಲ್ಲಿ ವಾಪಸ್ ಬಸ್ ಇಲ್ಲ. ಜಠರದಲ್ಲಿ ಕರಗದ ಹಾಗೆ ಲೇಪ ಹಾಕಿದ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ ಅನ್ನೋದು ವೈದ್ಯರಿಗೆ ಹಳೇ ವಿಷಯ. ಹೊಟ್ಟೆ ಉರಿ ಕಡಿಮೆ ಇರುತ್ತೆ ನಿಜ. ಉರಿಸೋ ಕಬ್ಬಿಣ ಅಲ್ಲಿ ಇಳಿದೇ ಇಲ್ಲವಲ್ಲ, ಎಲ್ಲಿಂದ ಉರಿಯುತ್ತೆ?

ಆದ್ರೂ ಒಂದು ಮಾತು ಒಪ್ಕೋತೀನಿ. ಸಾದಾ ಗುಳಿಗೆ ತಗೊಂಡು ವಾಂತಿ ಮಾಡಿಕೊಂಡು ಪೂರ್ತಿ ಬಿಟ್ಟೇ ಬಿಡೋರಿಗಿಂತ, ಸ್ವಲ್ಪ ಕಡಿಮೆ ಹತ್ತಿದ್ರೂ ದಿನಾ ನುಂಗೋರು ವಾಸಿ. ಅದನ್ನ ತೀರ್ಮಾನ ಮಾಡಬೇಕಾದವರು ಡಾಕ್ಟರು. ಡಬ್ಬಿಯ ಬಣ್ಣ ನೋಡಿ ನಾವು ನೀವು ಮಾಡೋದಲ್ಲ.

ಮೊನ್ನೆ ಜಿಮ್ ಹುಡುಗ ಒಬ್ಬ ಫೋನ್ ತೋರಿಸಿದ. "ಅಣ್ಣ, ಎಂಟು ಗಂಟೆ ನಿಧಾನವಾಗಿ ಬಿಡುಗಡೆ ಆಗೋ ವಿಟಮಿನ್ ಡಿ, ತರಿಸ್ಲಾ?" ಡಿ ಜೀವಸತ್ವ ಮೈಯ ಕೊಬ್ಬಿನಲ್ಲಿ ವಾರಗಟ್ಟಲೆ ಕೂತಿರುತ್ತೆ ಕಣೋ. ಕೊರತೆ ಇದ್ದೋರಿಗೆ ಡಾಕ್ಟರು ವಾರಕ್ಕೆ ಒಂದೇ ಸಲ 60,000 ಯೂನಿಟ್ ಬರೆದುಕೊಡೋದು ಅದಕ್ಕೇ. ವಾರ ಕಾಯೋ ಸಾಮಾನಿಗೆ ಎಂಟು ಗಂಟೆ ತಡ ಮಾಡಿ ಏನು ಸಾಧಿಸ್ತೀಯ? ಊಟದ ಜೊತೆ ತಗೋ, ಜಿಡ್ಡಿದ್ರೆ ಚೆನ್ನಾಗಿ ಹತ್ತುತ್ತೆ ಅಂದೆ. ಬೆಣ್ಣೆದೋಸೆ ಊರಲ್ಲಿ ಜಿಡ್ಡಿಗೇನು ಬರ.

ಸಿ ಜೀವಸತ್ವದ ವಿಷಯದಲ್ಲಿ ನಿಧಾನಕ್ಕೆ ಒಂದು ಲೆಕ್ಕ ಇದೆ. 200 ಮಿಲಿಗ್ರಾಂ ಕೊಟ್ರೆ ಕರುಳು ಹೆಚ್ಚುಕಮ್ಮಿ ಪೂರ್ತಿ ತಗೊಳ್ಳುತ್ತೆ, 1,000 ದಾಟಿದ್ರೆ ಅರ್ಧಕ್ಕಿಂತ ಕಡಿಮೆ. ಅದಕ್ಕೆ 1,000 ಮಿಲಿಗ್ರಾಂ ತುಂಬಿ, ಲೇಪ ಹಾಕಿ, ನಿಧಾನಕ್ಕೆ ಬಿಡೋ ಸರ್ಕಸ್ ಯಾಕೆ? ಒಂದು ಪೇರಲ ಹಣ್ಣು ತಿನ್ನಿ. ನಯಾಸಿನ್, ಅಂದ್ರೆ ಬಿ3 ಜೀವಸತ್ವ, ಅದಕ್ಕಂತೂ ಇನ್ನೂ ಎಚ್ಚರ. ಕೊಲೆಸ್ಟ್ರಾಲ್‌ಗೆ ಅಂತ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಸಾದಾ ರೂಪಕ್ಕಿಂತ ನಿಧಾನದ ರೂಪವೇ ಯಕೃತ್ತಿಗೆ ಹೆಚ್ಚು ಪೆಟ್ಟು ಕೊಟ್ಟಿದೆ. ನಿಧಾನವೇ ಪ್ರಧಾನ ಅಂತ ಹಿರಿಯರು ಅಂದಿದ್ದು ವಿಟಮಿನ್ ಡಬ್ಬಿ ನೋಡಿ ಅಲ್ಲ.

ಹಂಗಂತ ಈ ವಿದ್ಯೆಯೇ ಸುಳ್ಳಾ? ಇದು ನಿಜವಾಗಿ ಬೇಕಾಗಿರೋದು ಅಡಿಗೆಮನೆಯಲ್ಲಿ. ಎ ಜೀವಸತ್ವ ಬೆಳಕಿಗೆ, ಗಾಳಿಗೆ, ಬಿಸಿಗೆ ಹಾಳಾಗುತ್ತೆ. ಉಪ್ಪಲ್ಲಿ ಅಯೋಡಿನ್ ಜೊತೆ ಕಬ್ಬಿಣ ಬೆರೆಸಿದ್ರೆ ಎರಡೂ ಕಚ್ಚಾಡಿ ಅಯೋಡಿನ್ ಹಾರಿ ಹೋಗುತ್ತೆ. ಟೊರೊಂಟೊ ವಿಶ್ವವಿದ್ಯಾಲಯದ ಲೆವೆಂಟೆ ಡಿಯೊಸಾಡಿ ತಂಡ ಕಬ್ಬಿಣಕ್ಕೆ ಅಂಗಿ ತೊಡಿಸಿ ಆ ಜಗಳ ಬಿಡಿಸಿತು. 2019ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಾಬರ್ಟ್ ಲ್ಯಾಂಗರ್, ಆನಾ ಜಾಕ್ಲೆನೆಕ್ ತಂಡದವರು ಎರಡು ಗಂಟೆ ಕುದಿಸಿದ್ರೂ ಒಳಗಿನ ಪೋಷಕಾಂಶ ಕಾಪಾಡಿ, ಜಠರದ ಆಮ್ಲ ತಾಗಿದ ಕೂಡಲೇ ಕರಗೋ ಲೇಪ ತೋರಿಸಿದ್ರು. ನಮ್ಮ ಮನೆ ಬೇಳೆ ಸಾರನ್ನ ನೆನೆಸ್ಕೊಳ್ಳಿ, ಕುದ್ದಿದ್ದೇ ಕುದ್ದಿದ್ದು. ಅಂಥದ್ದಕ್ಕೆ ಬೇಕು ಇದು. ಮೊದಲ ಸಲ ಮನುಷ್ಯರ ಮೇಲೆ ನೋಡಿದಾಗ ಕಬ್ಬಿಣ ಅಂದ್ಕೊಂಡಷ್ಟು ಮೈಗೆ ಹತ್ತಲಿಲ್ಲ, ಸೂತ್ರ ಬದಲಿಸಿ ಮತ್ತೆ ಮಾಡಿದ್ರು. ಮುಚ್ಚಿಡದೆ ಹೇಳಿದ್ರಲ್ಲ, ಅದು ನನಗೆ ಹಿಡಿಸ್ತು.

ನಮ್ಮ ರೇಷನ್ ಅಕ್ಕಿಯಲ್ಲೂ ಇದರ ಬಡ ತಮ್ಮ ಇದ್ದಾನೆ. ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಲಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯಾಕಾರದ ಕಾಳು ಮಾಡಿ, ನೂರು ಕಾಳಿಗೆ ಒಂದರಂತೆ ಬೆರೆಸ್ತಾರೆ. ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು ಅಂತ ನಿಯಮ. ಇದೊಂದರಿಂದಲೇ ರಕ್ತಹೀನತೆ ಓಡಿಹೋಗುತ್ತೆ ಅಂತ ನಾನು ಹೇಳಲ್ಲ, ಅದರ ಬಗ್ಗೆ ತಜ್ಞರಲ್ಲೇ ಜಗಳ ಇದೆ. ಆದ್ರೆ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಅವರಲ್ಲಿ ಎಷ್ಟು ಜನ ಎಂಟು ಗಂಟೆಯ ಡಬ್ಬಿ ತರಿಸ್ತಾರೆ ಹೇಳಿ?

ನನಗೆ ಸಿಟ್ಟು ಬರೋದು ಇಲ್ಲಿ. ಡಬ್ಬಿ ಮಾರೋಕೆ ಎಷ್ಟೊಂದು ಜಾಹೀರಾತು. ಅಕ್ಕಿ ಹಂಚುವಾಗ ಮಾತ್ರ, ಈ ಕಾಳು ಯಾಕೆ ತೇಲುತ್ತೆ, ಯಾಕೆ ಬೇರೆ ಥರ ಕಾಣುತ್ತೆ ಅಂತ ಬಾಯಿಬಿಟ್ಟು ಹೇಳೋರು ಒಬ್ಬರೂ ಸಿಗಲ್ಲ.

ಅಜ್ಜಿ ಕಥೆ ಮುಗಿಸ್ತೀನಿ. ಅವರ ಡಾಕ್ಟರಿಗೆ ಫೋನ್ ಮಾಡಿದ್ವಿ, ಕ್ಯಾಪ್ಸೂಲ್ ನಿಲ್ಲಿಸಿ ಸಿರಪ್ ಕೊಡಿ ಅಂದ್ರು. ಬಾಟಲಿ ಚೀಲಕ್ಕೆ ಹಾಕ್ಕೊಳ್ತಾ ಅಜ್ಜಿ ಹೇಳಿದ್ರು, "ಈಗ ಎಲ್ಲದರಾಗೂ ಮೋಸನಪ್ಪಾ. ಸೊಸೈಟಿ ಅಕ್ಕಿಲೂ ಪ್ಲಾಸ್ಟಿಕ್ ಕಾಳು ಬರ್ತವೆ. ಕುಂತು ಆರಿಸಿ ಆರಿಸಿ ಕೋಳಿಗೆ ಹಾಕ್ತೀನಿ."

ಹತ್ತು ನಿಮಿಷ ನಿಂತು ಹೇಳಿದೆ. ಅದು ಪ್ಲಾಸ್ಟಿಕ್ ಅಲ್ಲ ಅಜ್ಜಿ, ಈ ಬಾಟಲಿಯಲ್ಲಿರೋ ಕಬ್ಬಿಣಾನೇ ಅದರಲ್ಲೂ ಇರೋದು ಅಂತ. ಹಿಂದೆ ನಿಂತ ಗಿರಾಕಿಗಳು ಗೊಣಗೋಕೆ ಶುರು ಮಾಡಿದ್ರು. ಅಜ್ಜಿ ಎಲ್ಲಾ ಕೇಳಿ, ಮೆಟ್ಟಿಲು ಇಳಿದು, ತಿರುಗಿ ನೋಡಿದ್ರು.

"ಅದಕ್ಕೇ ಏನೋ, ನಮ್ಮ ಹುಂಜ ಈಗೀಗ ಬಾಳ ಜೋರಾಗೈತೆ."