ಏಪ್ರಿಲ್ ಗೂಡು ಜನವರಿಯಲ್ಲೇ ಶುರು

ಎಲ್ಲರಿಗೂ ಸಂಕ್ರಾಂತಿಯ ಶುಭಾಶಯ. ಎಳ್ಳು-ಬೆಲ್ಲ ಎಲ್ಲರಿಗೂ ಸಿಕ್ಕಿರಬೇಕು. ಹಿಂದಿನ ಸಾಲಿನ ಮಕ್ಕಳಿಗೆ ಎರಡೆರಡು ಸಲ ಸಿಕ್ಕಿದ್ದನ್ನು ನಾನೇ ನೋಡಿದೆ.

ನಮ್ಮ ಲಂಡನ್ ಕನ್ನಡಿಗರಲ್ಲಿ ಬಹಳ ಜನ ಹೈಡ್ ಪಾರ್ಕಿಗೆ ಹೋಗುವುದು ಮೇ ತಿಂಗಳಲ್ಲಿ. ಬಿಸಿಲು, ಚಿತ್ರಾನ್ನದ ಡಬ್ಬಿ, ಹಂಸದ ಮರಿಗಳ ಜೊತೆ ಒಂದು ಫೋಟೊ. ಸಂತೋಷ. ಆದರೆ ಇವತ್ತು ನಾನು ಕೇಳಿಕೊಳ್ಳುವುದು ಈಗ, ಈ ಚಳಿಯಲ್ಲೇ ಹೋಗಿ ಅಂತ. ಏಪ್ರಿಲ್‌ನಲ್ಲಿ ಕಾಣುವ ಹಂಸದ ಗೂಡು ಜನವರಿಯಲ್ಲೇ ಶುರುವಾಗಿರುತ್ತದೆ.

ನಾನು ಮೈಸೂರಿನವಳು. ಹಂಸ ಅಂದರೆ ನನಗೆ ಸೋಮನಾಥಪುರದ ದೇವಾಲಯದ ಗೋಡೆಯ ಮೇಲಿನ ಸಾಲು, ಹಾಲು-ನೀರು ಬೇರೆ ಮಾಡುವ ಕವಿಗಳ ಹಕ್ಕಿ. ನಮ್ಮ ಹದಿನಾರು ಎಂಬ ಊರಿನ ಕೆರೆಗೆ ಹಿಮಾಲಯ ದಾಟಿ ಬರುವುದು ಪಟ್ಟೆತಲೆ ಹೆಬ್ಬಾತು. ಹೊಯ್ಸಳರ ಶಿಲ್ಪಿ ಅಂಥ ಬಾತನ್ನೇ ಕಣ್ಣಾರೆ ನೋಡಿ ಕೆತ್ತಿರಬೇಕು ಅಂತ ನನಗೆ ಅನಿಸುತ್ತದೆ. ಕಿತ್ತಳೆ ಕೊಕ್ಕು, ಅದರ ಬುಡದಲ್ಲಿ ಕಪ್ಪು ಗುಬುಟು ಇರುವ ಈ ಹಂಸವನ್ನು ನಾನು ಮೊದಲು ನೋಡಿದ್ದು ಇಲ್ಲಿಗೆ ಬಂದ ಮೇಲೆ, ಹೈಡ್ ಪಾರ್ಕಿಗೆ ಅಂಟಿಕೊಂಡ ಕೆನ್ಸಿಂಗ್ಟನ್ ಗಾರ್ಡನ್ಸಿನ ಲಾಂಗ್ ವಾಟರ್ ಕೊಳದ ದಡದಲ್ಲಿ.

ಸರಿಯಾಗಿ ನೋಡಿಸಿದ್ದು ಮಾತ್ರ ನಮ್ಮಮ್ಮ. ನನ್ನ ಬಾಣಂತನಕ್ಕೆ ಅಂತ ಮಾರ್ಚ್‌ನಲ್ಲಿ ಬಂದಿದ್ದರು. ಏಪ್ರಿಲ್‌ನಲ್ಲಿ ಮಗುವನ್ನು ಗಾಡಿಯಲ್ಲಿ ಮಲಗಿಸಿಕೊಂಡು ಮೊದಲ ಸಲ ಪಾರ್ಕಿಗೆ ಹೋದೆವು. ಆಪಿನ, ಅಂದರೆ ನೀರಿನಂಚಿನ ಜೊಂಡಿನ ದಂಟು, ಕಡ್ಡಿ, ಒಣಗಿದ ಹುಲ್ಲು ಗುಡ್ಡೆ ಹಾಕಿದ್ದರ ಮೇಲೆ ಹೆಣ್ಣುಹಂಸ ಕೂತಿತ್ತು. ಅಮ್ಮ ನಿಂತುಬಿಟ್ಟರು. ಮಾರನೇ ದಿನ ಅವರೇ ಹೊರಡಿಸಿದರು. ಆಮೇಲೆ ದಿನಾ. ಒಂದು ದಿನ ಅದು ಎದ್ದು ಮೊಟ್ಟೆ ಹೊರಳಿಸುವಾಗ ಎಣಿಸಿದೆವು: ಆರು. ಒಂದೊಂದು ಮೊಟ್ಟೆ ಮುನ್ನೂರು ಗ್ರಾಮಿಗೂ ಮೇಲೆ ತೂಗುತ್ತದೆ, ಒಂದು ದಿನ ಬಿಟ್ಟು ಒಂದು ದಿನ ಇಡುತ್ತದೆ, ಎಲ್ಲ ಇಟ್ಟಾದ ಮೇಲೆ ಸುಮಾರು 36 ದಿನ ಕಾವು ಅಂದೆ. ಅಷ್ಟು ದಿನ ಮೇಯುವುದೂ ಕಡಿಮೆ, ಮೈ ಇಳಿದುಹೋಗುತ್ತದೆ. ಅಮ್ಮ ಕೇಳಿದ್ದು ಒಂದೇ: “ಪಾಪ, ಇವಳ ಪಥ್ಯ ನೋಡೋರು ಯಾರೇ?” ಮನೆಯಲ್ಲಿ ನನಗೆ ಮೆಣಸಿನ ಸಾರು ಬಡಿಸುವಾಗಲೂ ಅದೇ ಚಿಂತೆ.

ಗಂಡು ಕಾಯುತ್ತಿತ್ತು. ಹತ್ತು-ಹನ್ನೆರಡು ಕಿಲೋ ತೂಗುವ ಹಕ್ಕಿ. ರೆಕ್ಕೆ ಕಮಾನು ಮಾಡಿ, ಕುತ್ತಿಗೆ ಹಿಂದಕ್ಕೆ ಎಳೆದು ಬಂತೆಂದರೆ ನಾಯಿಗಳೂ ಹಿಂದೆ ಸರಿಯುತ್ತಿದ್ದವು. ಜನ ಸರಿಯುತ್ತಿರಲಿಲ್ಲ. ಫೋಟೊ ತೆಗೆಯುತ್ತ ಎರಡು ಮಾರು ಹತ್ತಿರಕ್ಕೆ ಹೋಗುತ್ತಿದ್ದರು. ಅಮ್ಮ ಅವರಿಗೆಲ್ಲ ಕನ್ನಡದಲ್ಲೇ “ಬಾಣಂತಿ, ಬಾಣಂತಿ, ಆ ಕಡೆ ಹೋಗಿ” ಅಂತ ಕೈ ಬೀಸುತ್ತಿದ್ದರು. ಎಲ್ಲರಿಗೂ ಅರ್ಥವಾಗುತ್ತಿತ್ತು!

ಐದು ಮರಿ ಹೊರಬಂದವು. ಅಮ್ಮ ಊರಿಗೆ ಹೊರಡುವ ದಿನ ಎರಡು ಮರಿ ತಾಯಿಯ ಬೆನ್ನೇರಿ ಕೂತಿದ್ದನ್ನು ನೋಡಿಯೇ ವಿಮಾನ ಹತ್ತಿದರು. ಶರತ್ಕಾಲಕ್ಕೆ ಮೂರು ಉಳಿದಿದ್ದವು. ಚಳಿ ಬಿದ್ದು, ಬೂದು ಮರಿಗಳಲ್ಲಿ ಬಿಳಿ ಗರಿ ಮೂಡುವ ಹೊತ್ತಿಗೆ ಅದೇ ಅಪ್ಪ ಅವನ್ನು ಕೊಳದುದ್ದಕ್ಕೂ ಅಟ್ಟಾಡಿಸತೊಡಗಿತು. ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಅಮ್ಮನಿಗೆ ಸಿಟ್ಟು: “ಇವನೂ ಒಬ್ಬ ತಂದೆಯಾ?” ತಂದೆಯೇ ಅಮ್ಮ, ಮುಂದಿನ ಗೂಡಿಗೆ ಜಾಗ ತೆರವು ಮಾಡುತ್ತಿದ್ದಾನೆ ಅಂದೆ. ಅಟ್ಟಿಸಿಕೊಂಡ ಮರಿಗಳು ಇನ್ನೂ ಜೋಡಿಯಾಗದ ಹಂಸಗಳ ಗುಂಪು ಸೇರುತ್ತವೆ. ಗೂಡು ಕಟ್ಟುವ ವಯಸ್ಸಿಗೆ ಇನ್ನೂ ಕೆಲವು ವರ್ಷ ಬೇಕು. ಈಗ, ಈ ವಾರ, ನೀರಿನ ಮೇಲೆ ನಡೆಯುತ್ತಿರುವುದು ಇದೇ. ಯಾವ ಜೋಡಿಗೆ ಯಾವ ದಡ ಅನ್ನುವ ಜಗಳ. ಅದನ್ನು ನೋಡದೆ ಮೇ ತಿಂಗಳಲ್ಲಿ ಮರಿ ನೋಡುವುದು, ಸೀಮಂತಕ್ಕೂ ಹೋಗದೆ, ನೇರ ನಾಮಕರಣದ ಊಟಕ್ಕೆ ಹೋದಂತೆ.

ಹಾಗಂತ ಚಳಿಗಾಲದಲ್ಲಿ ಹಂಸ ಒಂದೇ ಅಲ್ಲ. ಲಾಂಗ್ ವಾಟರಿಗೆ ಸೇರಿಕೊಂಡೇ ಇರುವ ಸರ್ಪೆಂಟೈನ್ 1730ರಲ್ಲಿ ಕ್ಯಾರೊಲಿನ್ ರಾಣಿ ವೆಸ್ಟ್‌ಬೋರ್ನ್ ಹೊಳೆಗೆ ಅಡ್ಡ ಕಟ್ಟಿಸಿ ಮಾಡಿಸಿದ ಕೊಳ. ಕೈಯಿಂದ ಮಾಡಿದ್ದಾದರೂ ಹಕ್ಕಿಗಳಿಗೆ ಅದು ನೀರೇ. ಸಲಿಕೆಯಂಥ ಕೊಕ್ಕಿನ ಶವೆಲರ್ ಬಾತುಗಳನ್ನು ನೋಡಿ. ಒಂದರ ಹಿಂದೊಂದು ಗಾಣದ ಎತ್ತಿನ ಹಾಗೆ ಸುತ್ತುತ್ತ ನೀರು ಕಲಕಿ, ಮೇಲೆದ್ದದ್ದನ್ನು ಸೋಸಿ ತಿನ್ನುತ್ತವೆ. ಇದೇ ಜಾತಿಯ ಬಾತು ಚಳಿಗಾಲಕ್ಕೆ ಮೈಸೂರು ಸುತ್ತಲ ಕೆರೆಗಳಿಗೂ ಬರುತ್ತದೆ. ಹಣೆಗೆ ಬಿಳಿ ನಾಮ ಇಟ್ಟ ನಾಮದಕೋಳಿ ಅಲ್ಲೂ ಅದೇ, ಇಲ್ಲೂ ಅದೇ. ಬೂದು ಬಕವೂ ಅಷ್ಟೆ. ಕಪ್ಪುತಲೆ ಕಡಲಕ್ಕಿಗೆ ಈಗ ಕಪ್ಪು ತಲೆಯೇ ಇಲ್ಲ, ಕಣ್ಣ ಹಿಂದೆ ಒಂದು ಚುಕ್ಕೆ ಅಷ್ಟೇ. ವಸಂತ ಹತ್ತಿರವಾದಂತೆ ತಲೆ ಕಪ್ಪೆನ್ನುವಷ್ಟು ಕಡು ಕಂದಾಗುತ್ತದೆ.

ಸಂಘಟಕರ ಚೀಟಿ ಬಂತು, ಇನ್ನು ಐದು ನಿಮಿಷ ಅಂತೆ. ಗಿಳಿಗಳ ಬಗ್ಗೆ ಹೇಳಬೇಕಿತ್ತು. ನಮ್ಮ ಊರಿನ ಕೊರಳಪಟ್ಟಿಯ ಗಿಳಿಯೇ ಕೆನ್ಸಿಂಗ್ಟನ್‌ನಲ್ಲಿ ಕೂಗುತ್ತದೆ. ಅದನ್ನು ನೀವೇ ಕೇಳಿಬಿಡಿ. ಜುಲೈಯಲ್ಲಿ ಥೇಮ್ಸ್ ಮೇಲೆ ರಾಜಮನೆತನದ ಪರವಾಗಿ ದೋಣಿಯಲ್ಲಿ ಹಂಸ ಎಣಿಸುವ ಪದ್ಧತಿಯನ್ನು ಬಿಡುತ್ತೇನೆ. ಇದೊಂದು ಮಾತ್ರ ಬಿಡಲಾರೆ: ದಡದ ಆಪನ್ನು ಕಸ ಅನ್ನಬೇಡಿ. ಅದು ಗೂಡಿನ ಸಾಮಾನು, ಗೂಡಿನ ಮರೆ. ಏಪ್ರಿಲ್ ಗೂಡು ಜನವರಿಯಲ್ಲೇ ಶುರು ಅಂದೆನಲ್ಲ, ಅದಕ್ಕೆ ಬೇಕಾದ ದಂಟು ಈ ಚಳಿಯಲ್ಲಿ ನಿಂತಿರಬೇಕು.

ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಂಕಾಸ್ಟರ್ ಗೇಟ್ ಸ್ಟೇಷನ್ನಿನ ಹೊರಗೆ ಸಿಗೋಣ. ಇಟಾಲಿಯನ್ ಗಾರ್ಡನ್ಸ್ ದಾಟಿ ಲಾಂಗ್ ವಾಟರ್ ದಂಡೆಯಲ್ಲಿ ನಡೆಯೋಣ. ದುರ್ಬೀನು ನನ್ನ ಹತ್ತಿರ ಎರಡಿವೆ, ಮಕ್ಕಳಿಗೆ ಮೊದಲು. ಕಿವಿ ಮುಚ್ಚುವ ಟೋಪಿ, ಫ್ಲಾಸ್ಕಿನಲ್ಲಿ ಕಾಫಿ ತನ್ನಿ. ಹಕ್ಕಿಗೆ ಹಾಕುವ ಮಿಕ್ಕ ಚಪಾತಿ ಮಾತ್ರ ಮನೆಯಲ್ಲೇ ಇರಲಿ.