ಲಿ ಹುವಾ ಬರೆದ ಪತ್ರಗಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಇಂಗ್ಲಿಷ್ ಮೇಷ್ಟ್ರು, ಮೇಡಂಗಳೇ ಜಾಸ್ತಿ. ಹಾಗಾಗಿ ಉದ್ದದ ಪೀಠಿಕೆ ಬೇಡ. ಮಕ್ಕಳ ತಲೆಯಲ್ಲಿ ಇಂಗ್ಲಿಷ್ ಪದಗಳು ಯಾಕೆ ನಿಲ್ಲುವುದಿಲ್ಲ ಅನ್ನುವುದು ನಮ್ಮೆಲ್ಲರ ಪ್ರಶ್ನೆ. ನಾನು ಅದನ್ನು ಚೀನಾದ ಮಕ್ಕಳ ಕಡೆಯಿಂದ ನೋಡುತ್ತೇನೆ. ಅವರಷ್ಟು ಮಂದಿ, ಅಷ್ಟು ಶ್ರಮಪಟ್ಟು ಇಂಗ್ಲಿಷ್ ಕಲಿಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

2018ರ ಅಕ್ಟೋಬರಿನಲ್ಲಿ ಹತ್ತು ದಿನ ವುಹಾನ್‌ನಲ್ಲಿದ್ದೆ. ಅಕ್ಕನ ಮಗ ಅಲ್ಲಿ ಎಂಬಿಬಿಎಸ್ ಓದುತ್ತಿದ್ದ. ಬೆಳಿಗ್ಗೆ ಆರೂವರೆಗೆ ವಾಕಿಂಗ್ ಹೊರಟರೆ ಕ್ಯಾಂಪಸ್ಸಿನ ಮರಗಳ ಕೆಳಗೆ ಅಲ್ಲೊಬ್ಬರು ಇಲ್ಲೊಬ್ಬರು ನಿಂತುಕೊಂಡು ಗಟ್ಟಿಯಾಗಿ ಏನೋ ಹೇಳಿಕೊಳ್ಳುತ್ತಿದ್ದರು. ಮೊದಲ ದಿನ ಯಾವುದೋ ಪ್ರಾರ್ಥನೆ ಇರಬೇಕು ಅಂದುಕೊಂಡೆ. ಹತ್ತಿರ ಹೋದರೆ ಇಂಗ್ಲಿಷ್! ಒಬ್ಬಳು ಹುಡುಗಿ ದಿನಾ ಅದೇ ಮರದ ಕೆಳಗೆ ಇರುತ್ತಿದ್ದಳು. ಅವಳ ಕೈಯಲ್ಲಿ ಪದಗಳ ಪುಸ್ತಕ, ಅದರ ಮೇಲೆ ಅಂಗೈ ಅಗಲದ ಒಂದು ಕೆಂಪು ಪ್ಲಾಸ್ಟಿಕ್ ಹಾಳೆ. ಪುಸ್ತಕದಲ್ಲಿ ಇಂಗ್ಲಿಷ್ ಪದ ಕಪ್ಪು ಅಕ್ಷರದಲ್ಲಿ, ಚೀನೀ ಅರ್ಥ ಕೆಂಪು ಅಕ್ಷರದಲ್ಲಿ. ಹಾಳೆ ಇಟ್ಟರೆ ಕೆಂಪು ಅಕ್ಷರ ಮಾಯ, ಕಪ್ಪು ಮಾತ್ರ ಕಾಣುತ್ತದೆ. ಅವಳು ಪದವನ್ನು ಮೂರು ಸಲ ಹೇಳುತ್ತಿದ್ದಳು, ತಲೆ ಎತ್ತಿ ಮರದ ಕೊಂಬೆ ನೋಡುತ್ತಾ ಅರ್ಥ ನೆನಪಿಸಿಕೊಳ್ಳುತ್ತಿದ್ದಳು, ಆಮೇಲೆ ಹಾಳೆಯನ್ನು ಒಂದು ಸಾಲಿನಷ್ಟು ಕೆಳಗೆ ಜಾರಿಸಿ ಸರಿಯಾ ತಪ್ಪಾ ಅಂತ ನೋಡುತ್ತಿದ್ದಳು. ತಪ್ಪಿದ್ದರೆ ಪದದ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕಿ. ಕೆಲವು ಪದಗಳ ಪಕ್ಕ ಐದಾರು ಚುಕ್ಕಿ ಇದ್ದವು. ಆ ಚುಕ್ಕಿಗಳನ್ನು ನೋಡಿ ನನಗೆ ಹೊಟ್ಟೆ ಚುರುಕ್ ಅಂದಿತು.

ಪದಗಳನ್ನು ಬಾಯಿಪಾಠ ಮಾಡುವುದಕ್ಕೆ ಚೀನೀ ಭಾಷೆಯಲ್ಲಿ 'ಬೇಯ್' ಅನ್ನುತ್ತಾರೆ. ಅದನ್ನು ಬರೆಯುವ ಅಕ್ಷರದ ಅರ್ಥ ಬೆನ್ನು! ಹಿಂದಿನ ಕಾಲದ ಶಾಲೆಗಳಲ್ಲಿ ಹುಡುಗ ಗುರುಗಳಿಗೆ ಬೆನ್ನು ತಿರುಗಿಸಿ ನಿಂತು ಪಾಠ ಒಪ್ಪಿಸಬೇಕಿತ್ತು, ಪುಸ್ತಕ ಕಣ್ಣಿಗೆ ಬೀಳಬಾರದು ಅಂತ. ನಾವು ಬಾಯಿಪಾಠ ಅನ್ನುತ್ತೇವೆ, ಕಂಠಪಾಠ ಅನ್ನುತ್ತೇವೆ. ನಮಗೆ ಬಾಯಿ, ಗಂಟಲು. ಅವರಿಗೆ ಬೆನ್ನು. ಕೆಲಸ ಮಾತ್ರ ಒಂದೇ.

ಬಾಯಿಪಾಠವನ್ನು ಬೈಯುವುದಕ್ಕೆ ನಾನು ಇಲ್ಲಿ ನಿಂತಿಲ್ಲ. ಮಗ್ಗಿ ಬಾಯಿಗೆ ಬಂದ ಮಗುವಿಗೆ ಲೆಕ್ಕ ಸಲೀಸು, ಅಲ್ವಾ? ಪದಗಳೂ ಹಾಗೇ. ಚೀನಾದ ಮಕ್ಕಳು ಸುಮ್ನೆ ಉರು ಹೊಡೆಯುತ್ತಾರೆ, ತಲೆ ಓಡಿಸುವುದಿಲ್ಲ ಅಂತ ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟೆಲ್ಲ ಕಷ್ಟಪಟ್ಟು ಕೂಡಿಸಿಟ್ಟ ಪದಗಳನ್ನು ಆ ಮಗು ಯಾರ ಹತ್ತಿರ ಆಡಬೇಕು? ನನ್ನ ತಲೆಯಲ್ಲಿ ಕೊರೆಯುವ ಪ್ರಶ್ನೆ ಅದು.

ಮೊದಲು ಪರೀಕ್ಷೆಯ ವಿಷಯ ಹೇಳಿಬಿಡುತ್ತೇನೆ. ಅಲ್ಲಿ ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಸೇರುವ ಪರೀಕ್ಷೆಗೆ ಗಾವ್‌ಕಾವ್ ಅನ್ನುತ್ತಾರೆ. ಪ್ರತಿ ವರ್ಷ ಜೂನ್ 7ಕ್ಕೆ ಶುರು. 2024ರಲ್ಲಿ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷ ಮಂದಿ. ಒಟ್ಟು 750 ಅಂಕ, ಅದರಲ್ಲಿ ಇಂಗ್ಲಿಷಿಗೆ 150. ಚೀನೀ ಭಾಷೆಗೂ ಅಷ್ಟೇ, ಗಣಿತಕ್ಕೂ ಅಷ್ಟೇ. ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳಿ ಉತ್ತರಿಸುವ ಭಾಗ ಇರುವುದರಿಂದ ಪರೀಕ್ಷಾ ಕೇಂದ್ರದ ಸುತ್ತ ಹಾರ್ನ್ ಹೊಡೆಯುವಂತಿಲ್ಲ. ಇದಕ್ಕೆ ಮಕ್ಕಳು ಸುಮಾರು 3,000 ಪದ ಕಲಿತಿರಬೇಕು. ಇಂಗ್ಲಿಷ್ ಮೂರನೇ ಕ್ಲಾಸಿನಿಂದ ಶುರುವಾಗುತ್ತದೆ, 2001ರಿಂದ ಹೀಗೆ. ಬಹಳಷ್ಟು ಶಾಲೆಗಳಲ್ಲಿ ದಿನದ ಮೊದಲ ಕೆಲಸವೇ ಗಟ್ಟಿಯಾಗಿ ಓದುವುದು, ಇಡೀ ಕ್ಲಾಸು ಒಟ್ಟಿಗೆ. ರಾತ್ರಿ ಊಟ ಆದಮೇಲೆ ಮತ್ತೆ ಶಾಲೆಯಲ್ಲೇ ಕೂತು ಒಂಬತ್ತು, ಹತ್ತರ ತನಕ ಓದು.

ಪದಪುಸ್ತಕಗಳಲ್ಲಿ ಪದಗಳು ಅಕ್ಷರಮಾಲೆಯ ಕ್ರಮದಲ್ಲಿ ಇರುತ್ತವಲ್ಲ, ಎಷ್ಟೋ ಪುಸ್ತಕಗಳಲ್ಲಿ ಮೊದಲು ಸಿಗುವ ಪದ 'ಅಬ್ಯಾಂಡನ್'. ಅಂದರೆ ಕೈಬಿಡು. ಪ್ರತಿ ಸಲ ಹೊಸದಾಗಿ ಶುರು ಮಾಡುತ್ತಾರೆ, ನಾಲ್ಕು ದಿನಕ್ಕೆ ಕೈಬಿಡುತ್ತಾರೆ, ಮತ್ತೆ ಮೊದಲ ಪುಟಕ್ಕೆ ಬರುತ್ತಾರೆ. ಹಾಗಾಗಿ ಇಡೀ ಪುಸ್ತಕದಲ್ಲಿ ಗಟ್ಟಿಯಾಗಿ ಬರುವ ಪದ ಅದೊಂದೇ ಅಂತ ಅಲ್ಲಿನ ಹುಡುಗರು ತಾವೇ ಹೇಳಿಕೊಳ್ಳುತ್ತಾರೆ. ಈಗ ಮೊಬೈಲಿನಲ್ಲಿ ಪದ ಕಲಿಸುವ ಆ್ಯಪ್‌ಗಳಿವೆ. ಅವುಗಳಲ್ಲಿ ಒಂದರ ಹೆಸರು 'ಬೈ ತ್ಸು ಝಾನ್', ನೂರು ಪದಗಳನ್ನು ಕತ್ತರಿಸು ಅಂತ. ಯುದ್ಧಕ್ಕೆ ಹೊರಟ ಹಾಗೆ.

ಸರಿ, ಪದ ಆಯಿತು. ಇನ್ನು ಓದುವುದು ಏನನ್ನು? ಅಲ್ಲಿನ ಹೈಸ್ಕೂಲಿನ ಮೊದಲ ವರ್ಷದ, ತುಂಬ ಕಡೆ ಬಳಕೆಯಲ್ಲಿರುವ ಇಂಗ್ಲಿಷ್ ಪಠ್ಯವನ್ನು ನಾನು ತರಿಸಿಕೊಂಡು ಓದಿದೆ. ಅದರ ಮೊದಲ ಘಟಕವೇ ಹದಿಹರೆಯದವರ ಬದುಕು. ಆಯ್ಕೆ ಚೆನ್ನಾಗಿದೆ. ಅದರಲ್ಲಿ ಆ್ಯಡಮ್ ಅನ್ನುವ ಹುಡುಗ ಬರುತ್ತಾನೆ. ಹೊಸ ಶಾಲೆ, ಯಾವ ವಿಷಯ ತೆಗೆದುಕೊಳ್ಳಬೇಕು ಅನ್ನುವ ಗೊಂದಲ. ಫುಟ್‌ಬಾಲ್ ತಂಡಕ್ಕೆ ಸೇರುವ ಆಸೆ, ಆದರೆ ಕೋಚ್ ನಿನ್ನ ಆಟ ಸಾಲದು ಅನ್ನುತ್ತಾರೆ. ಅವನು ಸೇವಾ ಕ್ಲಬ್ಬಿಗೆ ಸೇರಿ, ಮನೆಯಿಲ್ಲದವರಿಗೆ ಊಟ ಹಂಚುತ್ತಾನೆ. ಅದೇ ಘಟಕದಲ್ಲಿ ಕಂಪ್ಯೂಟರ್ ಗೇಮಿನ ಚಟ ಹತ್ತಿಸಿಕೊಂಡ ಗೆಳೆಯನ ಬಗ್ಗೆ ಸಲಹೆ ಕೊಡುವ ಒಂದು ಪತ್ರವೂ ಇದೆ.

ಈಗ ರಾತ್ರಿ ಹತ್ತರ ತನಕ ಕ್ಲಾಸಿನಲ್ಲೇ ಇರುವ ಹುಡುಗಿ ಆ್ಯಡಮ್‌ನ ಕಥೆ ಓದುವುದನ್ನು ಯೋಚನೆ ಮಾಡಿ. ಬೇರೆಯವರ ಬದುಕು ಓದಬಾರದು ಅಂತ ನಾನು ಹೇಳುತ್ತಿಲ್ಲ, ಓದಬೇಕು. ಕಿಟಕಿ ಬೇಕು. ಆದರೆ ಆ್ಯಡಮ್‌ನ ಪಾಠ ಮುಗಿದ ಮೇಲೆ ಅವಳನ್ನು ಯಾರಾದರೂ ನಿನ್ನ ದಿನ ಹೇಗಿರುತ್ತದಮ್ಮಾ ಅಂತ ಕೇಳಬೇಕಲ್ಲ? ಕೇಳುವ ಮೇಷ್ಟ್ರುಗಳು ಅಲ್ಲೂ ಇದ್ದೇ ಇರುತ್ತಾರೆ. ಆದರೆ ಪರೀಕ್ಷೆ ಹತ್ತಿರ ಬಂದ ಹಾಗೆ ಕೇಳಲು ಪುರಸೊತ್ತು ಯಾರಿಗೆ? ನಮಗಾದರೂ ಇರುತ್ತದಾ?

ಗಾವ್‌ಕಾವ್‌ನಲ್ಲಿ ಒಂದು ಪ್ರಶ್ನೆ ನನಗೆ ತುಂಬ ಇಷ್ಟ. ಒಂದು ಕಥೆಯನ್ನು ಅರ್ಧಕ್ಕೆ ಕೊಟ್ಟಿರುತ್ತಾರೆ. ಮುಂದಿನ ಎರಡು ಪ್ಯಾರಾವನ್ನು ಮಗು ಬರೆಯಬೇಕು, ಸುಮಾರು 150 ಪದ. ಪ್ರತಿ ಪ್ಯಾರಾದ ಮೊದಲ ವಾಕ್ಯ ಕೊಟ್ಟಿರುತ್ತಾರೆ. 25 ಅಂಕ. 2016ರಲ್ಲಿ ಝೆಜಿಯಾಂಗ್ ಪ್ರಾಂತ್ಯದಲ್ಲಿ ಶುರುವಾಗಿ ಆಮೇಲೆ ಬೇರೆ ಕಡೆಗೂ ಬಂತು. ಕಥೆಗಳು ಹೆಚ್ಚಾಗಿ ಮಕ್ಕಳದೇ. 2021ರಲ್ಲಿ ಅಮ್ಮನಿಗೆ ಗೊತ್ತಾಗದ ಹಾಗೆ ತಿಂಡಿ ಮಾಡಲು ಹೊರಟ ಅವಳಿ ಮಕ್ಕಳು. 2022ರಲ್ಲಿ ಕಾಯಿಲೆಯಿಂದ ಸರಿಯಾಗಿ ಓಡಲಾಗದ, ಆದರೂ ಓಟದ ತಂಡದಲ್ಲಿರುವ ಹುಡುಗ. 2023ರದ್ದು ಇನ್ನೂ ಚೆನ್ನಾಗಿದೆ. ಬ್ರೆಜಿಲ್‌ನಿಂದ ಬಂದ ಕುಟುಂಬದ ಹುಡುಗ, ಇಂಗ್ಲಿಷ್ ಅವನಿಗೆ ಎರಡನೇ ಭಾಷೆ. ಮೇಷ್ಟ್ರು ಬರವಣಿಗೆ ಸ್ಪರ್ಧೆಗೆ ಸೇರು ಅಂದರೆ ಬೇಡ ಅನ್ನುತ್ತಾನೆ. ಆಮೇಲೆ ಇತಿಹಾಸದ ಒಂದು ಘಟನೆಯನ್ನು ಕುದುರೆಯ ಬಾಯಲ್ಲಿ ಹೇಳಿಸಿ ಬರೆಯುತ್ತಾನೆ. ಎಂಥ ಒಳ್ಳೆ ಪ್ರಶ್ನೆ ನೋಡಿ! ಇಂಗ್ಲಿಷ್ ಎರಡನೇ ಭಾಷೆಯಾದ ಹುಡುಗನ ಕಥೆಯನ್ನು, ಇಂಗ್ಲಿಷ್ ಮನೆಯ ಭಾಷೆಯಲ್ಲದ ಲಕ್ಷಾಂತರ ಮಕ್ಕಳು ಮುಂದುವರಿಸಬೇಕು.

ಆದರೆ ಇಂಥ ಪ್ರಶ್ನೆಗೂ ಗೈಡು ಬಂತು. ಭಾವನೆಗಳ ಪಟ್ಟಿ. ಖುಷಿಗೆ ಹತ್ತು ವಾಕ್ಯ, ಹೆದರಿಕೆಗೆ ಹತ್ತು ವಾಕ್ಯ, ದುಃಖಕ್ಕೆ ಹತ್ತು. ಕಣ್ಣಾಲಿ ತುಂಬಿತು, ಎದೆ ಡವಡವ ಅಂದಿತು, ಮೋಡದ ಸಂದಿಯಿಂದ ಬಿಸಿಲು ಇಣುಕಿತು. ಮಕ್ಕಳು ಇವನ್ನೂ ಬಾಯಿಪಾಠ ಮಾಡುತ್ತಾರೆ. ಕಥೆ ಯಾವುದೇ ಇರಲಿ, ಹುಡುಗ ಅಳುವುದು ಅದೇ ವಾಕ್ಯದಲ್ಲಿ. ನನಗೆ ಬೇಜಾರಾಗುವುದು ಇಲ್ಲಿ. ಹದಿನೇಳು ವರ್ಷದ ಮಗುವಿನ ದುಃಖವನ್ನು ಇನ್ಯಾರೋ ಮೊದಲೇ ಬರೆದಿಟ್ಟಿದ್ದಾರೆ, ಮಗು ಅದನ್ನು ಅಂದವಾಗಿ ನಕಲು ಮಾಡುತ್ತದೆ. ಅಂದವಾಗಿ ಅಂದರೆ ನಿಜಕ್ಕೂ ಅಂದವಾಗಿ. ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದುತ್ತಾರೆ. ಅದಕ್ಕೆ ಅಚ್ಚು ಹಾಕಿದ ಹಾಗೆ ಗುಂಡಗೆ ಬರೆಯುವ ಒಂದು ಶೈಲಿಯೇ ಬೆಳೆದಿದೆ. ಹೆಬೆಯ್ ಪ್ರಾಂತ್ಯದ ಹೆಂಗ್‌ಶುಯಿ ಊರಿನ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಕಾಪಿ ಪುಸ್ತಕದ ಮೇಲೆ ತಿದ್ದಿ ತಿದ್ದಿ ಕಲಿಯುತ್ತಾರೆ, ನಾವು ಎರಡು ಗೆರೆ, ನಾಲ್ಕು ಗೆರೆ ಪುಸ್ತಕದಲ್ಲಿ ಬರೆಸುತ್ತಿದ್ದ ಹಾಗೆ.

ಈಗ ಲಿ ಹುವಾ ವಿಷಯಕ್ಕೆ ಬರುತ್ತೇನೆ. ಗಾವ್‌ಕಾವ್ ಇಂಗ್ಲಿಷ್ ಪತ್ರಿಕೆಯಲ್ಲಿ ಪತ್ರ ಬರೆಯುವ ಪ್ರಶ್ನೆ ಹೆಚ್ಚಾಗಿ ಒಂದೇ ಥರ ಶುರುವಾಗುತ್ತದೆ. 'ನೀನು ಲಿ ಹುವಾ ಎಂದು ಭಾವಿಸಿಕೋ.' ನಮ್ಮ ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲೂ ನೀನು ಇಂಥ ಶಾಲೆಯ ಇಂಥವನು ಎಂದು ಭಾವಿಸಿಕೊಂಡು ತಂದೆಗೆ ಪತ್ರ ಬರೆ ಅಂತ ಇರುತ್ತದಲ್ಲ, ಹಾಗೆ. ನಮ್ಮಲ್ಲಿ ಹೆಸರು ಬದಲಾಗುತ್ತದೆ. ಅಲ್ಲಿ ದಶಕಗಳಿಂದ ಲಿ ಹುವಾನೇ. ಲಿ ಹುವಾ ವಿದೇಶದ ಗೆಳೆಯನನ್ನು ಹಬ್ಬಕ್ಕೆ ಕರೆಯಬೇಕು, ಚೀನೀ ಭಾಷೆ ಕಲಿಯಲು ಸಲಹೆ ಕೊಡಬೇಕು, ಊರು ಸುತ್ತಿಸುತ್ತೇನೆ ಅನ್ನಬೇಕು, ಬರಲಾಗಲಿಲ್ಲ ಅಂತ ಕ್ಷಮೆ ಕೇಳಬೇಕು. ಲಿ ಹುವಾ ಹುಡುಗನೋ ಹುಡುಗಿಯೋ ಅಂತ ಕೂಡ ಗೊತ್ತಿಲ್ಲ, ಆ ಹೆಸರು ಇಬ್ಬರಿಗೂ ಇಡುತ್ತಾರೆ. ವರ್ಷ ವರ್ಷ ಲಕ್ಷಗಟ್ಟಲೆ ಮಕ್ಕಳು ಲಿ ಹುವಾ ಆಗಿ ಪತ್ರ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ. ಬರುವುದು ಹೇಗೆ, ಅದು ಹೋಗುವುದು ಮೌಲ್ಯಮಾಪನ ಕೇಂದ್ರಕ್ಕೆ.

ಅಲ್ಲಿ 'ಮೂಗ ಇಂಗ್ಲಿಷ್' ಅನ್ನುವ ಮಾತೇ ಇದೆ. ಓದಲು, ಬರೆಯಲು ಬರುತ್ತದೆ, ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ. ಹೀಗಾಗಬಾರದು ಅಂತಲೇ ಊರೂರಲ್ಲಿ 'ಇಂಗ್ಲಿಷ್ ಮೂಲೆ' ಹುಟ್ಟಿಕೊಂಡಿತು. ಪಾರ್ಕಿನಲ್ಲೋ ಕ್ಯಾಂಪಸ್ಸಿನಲ್ಲೋ ಸಂಜೆ ಸೇರಿ, ಪರಿಚಯ ಇಲ್ಲದವರ ಜೊತೆಗೂ ಇಂಗ್ಲಿಷಿನಲ್ಲಿ ಮಾತಾಡುವುದು. ಬೀಜಿಂಗಿನ ರೆನ್‌ಮಿನ್ ವಿಶ್ವವಿದ್ಯಾಲಯದ್ದು ಹೆಸರುವಾಸಿ. ಪದ ಕಲಿತವರಿಗೆ ಆಡಲು ಒಂದು ಕಿವಿ ಬೇಕಿತ್ತು, ಅಷ್ಟೇ.

ಇನ್ನೊಂದು ಘಟನೆ ಹೇಳಲೇಬೇಕು. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಒಂದರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಲಾಭಕ್ಕಾಗಿ ಶಾಲಾ ವಿಷಯಗಳ ಟ್ಯೂಷನ್ ಮಾಡುವುದನ್ನು ನಿಲ್ಲಿಸಿತು. ಹೋಂವರ್ಕು, ಟ್ಯೂಷನ್ ಎರಡರ ಹೊರೆಯನ್ನೂ ಇಳಿಸುವ ನೀತಿ ಅದು. 1993ರಲ್ಲಿ ಶುರುವಾಗಿದ್ದ ನ್ಯೂ ಓರಿಯಂಟಲ್ ಅನ್ನುವ ದೊಡ್ಡ ಟ್ಯೂಷನ್ ಕಂಪನಿ ತನ್ನ ಎಷ್ಟೋ ಶಾಖೆಗಳನ್ನು ಮುಚ್ಚಿತು, ಅಲ್ಲಿದ್ದ ಡೆಸ್ಕು ಕುರ್ಚಿಗಳನ್ನು ಹಳ್ಳಿ ಶಾಲೆಗಳಿಗೆ ಕೊಟ್ಟಿತು. ಆಮೇಲೆ ಮೇಷ್ಟ್ರುಗಳನ್ನು ಕ್ಯಾಮೆರಾ ಮುಂದೆ ಕೂರಿಸಿ ಆನ್‌ಲೈನಿನಲ್ಲಿ ಅಕ್ಕಿ, ಜೋಳ, ಮಾಂಸ ಮಾರತೊಡಗಿತು. ಅವರಲ್ಲಿ ದೊಂಗ್ ಯುಹುಯಿ ಒಬ್ಬರು, ಶಾನ್ಸಿ ಪ್ರಾಂತ್ಯದ ಹಳ್ಳಿಯವರು, ಇಂಗ್ಲಿಷ್ ಮೇಷ್ಟ್ರು. 2022ರ ಜೂನ್‌ನಲ್ಲಿ ಅವರು ಪಕ್ಕದಲ್ಲಿ ಬಿಳಿ ಬೋರ್ಡು ಇಟ್ಟುಕೊಂಡು, ಮಾರುವ ವಸ್ತುವಿಗೆ ಸಂಬಂಧಪಟ್ಟ ಇಂಗ್ಲಿಷ್ ಪದಗಳನ್ನು ಬರೆದು ವಿವರಿಸುತ್ತಾ, ನಡುವೆ ತಮ್ಮ ಹಳ್ಳಿಯ ಬದುಕಿನ ಕಥೆ ಹೇಳುತ್ತಾ ಮಾರಿದರು. ಇಡೀ ದೇಶ ಕೂತು ನೋಡಿತು. ಟ್ಯೂಷನ್ನಿನಲ್ಲಿ ದುಡ್ಡು ಕೊಟ್ಟು ಕಲಿತು ಮರೆತಿದ್ದ ಜನ, ಜೋಳ ಕೊಳ್ಳಲು ಬಂದು ಪದ ಕಲಿತರು. ಯಾಕೆ? ಆ ಪದದ ಹಿಂದೆ ಒಂದು ಹೊಲ ಇತ್ತು, ಬೆವರು ಸುರಿಸುವ ಅಪ್ಪ ಅಮ್ಮ ಇದ್ದರು.

2025ರ ಜನವರಿಗೆ ಬನ್ನಿ. ಅಮೆರಿಕದಲ್ಲಿ ಟಿಕ್‌ಟಾಕ್ ನಿಂತೇಹೋಗುತ್ತದೆ ಅನ್ನುವ ಸುದ್ದಿ ಹಬ್ಬಿ, ಅಲ್ಲಿನ ಹುಡುಗ ಹುಡುಗಿಯರು ಗುಂಪುಗುಂಪಾಗಿ ಶಿಯಾವ್‌ಹೊಂಗ್‌ಶು ಅನ್ನುವ ಚೀನೀ ಆ್ಯಪಿಗೆ ಬಂದರು. ಚೀನಾದ ಮಕ್ಕಳು ಮೊದಲು ಕೇಳಿದ್ದರಲ್ಲಿ ಒಂದು ಏನು ಗೊತ್ತಾ? ನಮ್ಮ ಇಂಗ್ಲಿಷ್ ಹೋಂವರ್ಕ್ ಮಾಡಿಕೊಡಿ! ಆಮೇಲೆ ಮಾತು ಬೆಳೆಯಿತು. ನಿಮ್ಮಲ್ಲಿ ಮೊಟ್ಟೆಗೆ ಎಷ್ಟು, ಆಂಬುಲೆನ್ಸ್ ಕರೆದರೆ ನಿಜವಾಗಲೂ ಅಷ್ಟೊಂದು ಬಿಲ್ ಬರುತ್ತದಾ, ನಿಮ್ಮ ಬೆಕ್ಕಿನ ಫೋಟೋ ಹಾಕಿ. ಅಷ್ಟರಲ್ಲಿ ಯಾರೋ ಬರೆದರು: ನಾನು ಲಿ ಹುವಾ, ಇಷ್ಟು ವರ್ಷ ನಿಮಗೆ ಎಷ್ಟೊಂದು ಪತ್ರ ಬರೆದೆ, ಯಾಕೆ ಉತ್ತರ ಕೊಡಲಿಲ್ಲ? ಅದಕ್ಕೆ ಆ ಕಡೆಯಿಂದ ಉತ್ತರಗಳು ಬಂದವು. ಪ್ರಿಯ ಲಿ ಹುವಾ, ತಡವಾಯಿತು, ಕ್ಷಮಿಸು, ನಿನ್ನ ಪತ್ರಗಳು ಈಗ ಕೈಸೇರಿದವು, ಅನ್ನುವ ಧಾಟಿಯಲ್ಲಿ. ಪರೀಕ್ಷೆ ಬರೆದು ಎಷ್ಟೋ ವರ್ಷವಾದವರು ಕೂಡ ಅದನ್ನು ಓದಿ ಕಣ್ಣು ಒರೆಸಿಕೊಂಡರು. ಅದನ್ನು ಓದುವಾಗ ನನಗೆ ವುಹಾನಿನ ಆ ಹುಡುಗಿ ನೆನಪಾದಳು, ಅವಳ ಪೆನ್ಸಿಲ್ ಚುಕ್ಕಿಗಳು ನೆನಪಾದವು.

ಈ ವರ್ಷ ನನ್ನ ಒಂಬತ್ತನೇ ಕ್ಲಾಸಿನಲ್ಲಿ ಲಿ ಹುವಾನ ಕಥೆ ಹೇಳಿದೆ. ಆಮೇಲೆ, ನೀವೂ ಒಂದು ಉತ್ತರ ಬರೆಯಿರಿ ಅಂದೆ. ಯಾರೂ ಆಗಿ ಭಾವಿಸಿಕೊಳ್ಳಬೇಡಿ, ನೀವು ನೀವೇ ಆಗಿ ಬರೆಯಿರಿ, ಮನೆಯಲ್ಲಿ ನಿನ್ನೆ ಏನು ಮಾಡಿದಿರೋ ಅದನ್ನೇ ಬರೆಯಿರಿ ಅಂದೆ. ಮಲೆನಾಡಿನ ಶಾಲೆ ನಮ್ಮದು, ಅಡಿಕೆ ಕೊಯ್ಲಿನ ಸಮಯ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದ. ಅವನ ಬೆರಳೆಲ್ಲ ಕಂದು ಕಂದು. "ಮೇಡಂ, ಚೊಗರಿಗೆ ಇಂಗ್ಲಿಷಿನಲ್ಲಿ ಏನಂತಾರೆ?" ಅಂದ. ನನಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ನಿಘಂಟು ತೆಗೆದೆವು, ಸಿಗಲಿಲ್ಲ. ಹಾಗಾದರೆ ಚೊಗರು ಅಂತಲೇ ಬರೆ, ಅದು ಏನು ಅಂತ ಲಿ ಹುವಾನಿಗೆ ತಿಳಿಯುವ ಹಾಗೆ ಹೇಳು ಅಂದೆ. ಅವನು ಅಡಿಕೆ ಸುಲಿಯುವುದು, ಬೇಯಿಸುವುದು, ಹಂಡೆಯಲ್ಲಿ ಉಳಿಯುವ ಕೆಂಪು ನೀರು, ಅದು ಕೈಗೆ ಹತ್ತಿದರೆ ವಾರವಾದರೂ ಹೋಗದಿರುವುದು, ಎಲ್ಲವನ್ನೂ ಐದು ಸಾಲಿನಲ್ಲಿ ಬರೆದ. ಅದಕ್ಕಾಗಿ ಬಾಯಿಲ್, ಹಸ್ಕ್, ಸ್ಟೇನ್ ಅನ್ನುವ ಪದಗಳನ್ನು ತಾನೇ ಹುಡುಕಿಕೊಂಡಿದ್ದ. ಸ್ಟೇನ್ ಅನ್ನುವುದನ್ನು ಎರಡು ಸಲ ತಪ್ಪು ಬರೆದು, ಹೊಡೆದು ಹಾಕಿ, ಮೂರನೇ ಸಲ ಸರಿಯಾಗಿ ಬರೆದಿದ್ದ.